ಹೊಸಬರಿಗಾಗಿ ಕಟ್ಟಿದ ಹಡಗು: ‘ಜೆರೆಮಾಯಾ ಓಬ್ರಿಯನ್’ ಎಂಜಿನ್ ರೂಮಿನಲ್ಲಿ ನನ್ನ ಅನುಭವ

ನಾನು ಡೀಸೆಲ್ ಹಡಗುಗಳಲ್ಲಿ ವರ್ಷಗಟ್ಟಲೆ ಎಂಜಿನಿಯರ್ ಆಗಿ ದುಡಿದವನು. ಸ್ಟೀಮ್ ಎಂಜಿನ್ ಅಂದರೆ ನನಗೆ ಪರೀಕ್ಷೆಗೆ ಓದಿ, ಚಿತ್ರ ಬರೆದು, ಪಾಸಾದ ಮೇಲೆ ಮರೆತುಬಿಟ್ಟ ಪಾಠ. ಸಮುದ್ರದ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ದಡದ ಕೆಲಸಕ್ಕೆ ಸೇರಿದ ಮೇಲೆ ಒಂದು ವಿಷಯ ಕಿವಿಗೆ ಬಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡನೇ ಮಹಾಯುದ್ಧದ ಕಾಲದ ಸರಕು ಹಡಗೊಂದು ಇನ್ನೂ ತನ್ನದೇ ಸ್ಟೀಮಿನಲ್ಲಿ ಓಡುತ್ತಿದೆ, ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಬರುವ ಸ್ವಯಂಸೇವಕರು ಅಂತ. ಹಡಗಿನ ಹೆಸರು ಎಸ್.ಎಸ್. ಜೆರೆಮಾಯಾ ಓಬ್ರಿಯನ್. ಹೋಗಿ ಕೇಳಿದೆ. ಎಂಜಿನಿಯರ್ ಲೈಸೆನ್ಸಿನ ಬಗ್ಗೆ ಯಾರೂ ಜಾಸ್ತಿ ವಿಚಾರಿಸಲಿಲ್ಲ. ಕೈಗೆ ಒಂದು ಹಳೇ ಬಟ್ಟೆ ಕೊಟ್ಟು, ಹಿತ್ತಾಳೆ ಪೈಪು ತೋರಿಸಿದರು.

ಹೋಗಿದ್ದು ಎಂಜಿನ್ ಕಲಿಯೋಕೆ. ಆದರೆ ಆ ಎಂಜಿನ್ ರೂಮಿನಲ್ಲಿ ಇತಿಹಾಸವನ್ನು ಬಿಟ್ಟು ಎಂಜಿನ್ ಕಲಿಯೋಕಾಗಲ್ಲ. ಈ ವಾಲ್ವ್ ಯಾಕೆ ಇಲ್ಲಿ, ಈ ಪಂಪ್ ಯಾಕೆ ಇಷ್ಟು ಸರಳ, 1943ರಲ್ಲಿ ಕಟ್ಟಿದ ಹಡಗಿಗೆ 19ನೇ ಶತಮಾನದ ಎಂಜಿನ್ ಯಾಕೆ ಅಂತ ಕೇಳುತ್ತಾ ಹೋದರೆ, ಎಲ್ಲಾ ಪ್ರಶ್ನೆಗೂ ಉತ್ತರ 1940ಕ್ಕೇ ಹೋಗಿ ನಿಲ್ಲುತ್ತದೆ.

ಆ ವರ್ಷ ಜರ್ಮನಿಯ ಯು-ಬೋಟ್‌ ಎಂಬ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಕಟ್ಟುವುದಕ್ಕಿಂತ ಬೇಗ ಮುಳುಗಿಸುತ್ತಿದ್ದವು. ಗೋಧಿ, ಎಣ್ಣೆ, ಉಕ್ಕು ಎಲ್ಲಾ ಬರಬೇಕಾದ್ದು ಸಮುದ್ರದಲ್ಲಿ. ಬ್ರಿಟಿಷರು ತಮ್ಮ ಹಡಗು ತಜ್ಞರ ತಂಡವೊಂದನ್ನು ಅಮೆರಿಕಕ್ಕೆ ಕಳಿಸಿ, 60 ಹಡಗು ಕಟ್ಟಿಕೊಡಿ ಎಂದರು. ಜೊತೆಗೆ ಸಂಡರ್‌ಲ್ಯಾಂಡಿನ ಜೆ.ಎಲ್. ಥಾಂಪ್ಸನ್ ಎಂಬ ಹಡಗು ಕಟ್ಟುವ ಯಾರ್ಡಿನ ಒಂದು ನಕ್ಷೆ. ಅದರಲ್ಲಿ ಬೆರಗಾಗುವಂಥದ್ದು ಏನೂ ಇರಲಿಲ್ಲ. ಸುಮಾರು 10,000 ಟನ್ ಸರಕು, 11 ನಾಟ್ (ಗಂಟೆಗೆ ಸುಮಾರು 20 ಕಿ.ಮೀ.) ವೇಗ, ಸರಕು ತುಂಬುವ ಐದು ಹೋಲ್ಡ್, ನಡುವೆ ಎಂಜಿನ್. ಸಿಕ್ಕಿದ ಬಂದರಿನಲ್ಲಿ ಸಿಕ್ಕಿದ ಸರಕು ತುಂಬಿಕೊಂಡು ಹೋಗುವ ಮಾಮೂಲಿ ಹಡಗು.

ಅಮೆರಿಕ ತನಗೂ ಹಡಗು ಬೇಕಾದಾಗ ಅದೇ ನಕ್ಷೆಯನ್ನು ಹಿಡಿದುಕೊಂಡಿತು. ಗಿಬ್ಸ್ ಅಂಡ್ ಕಾಕ್ಸ್ ಎಂಬ ವಿನ್ಯಾಸಕರ ಕಂಪನಿ ಅದನ್ನು ತಿದ್ದಿತು. ಕಲ್ಲಿದ್ದಲಿನ ಬದಲು ಎಣ್ಣೆ. ದಪ್ಪ ಹೊಟ್ಟೆಯ ಹಳೇ ಬಾಯ್ಲರ್ ಬದಲು ಕೊಳವೆಗಳೊಳಗೆ ನೀರು ಕಾಯುವ ಎರಡು ವಾಟರ್‌ಟ್ಯೂಬ್ ಬಾಯ್ಲರ್. ಸಿಬ್ಬಂದಿಯ ಕೋಣೆಗಳೆಲ್ಲ ಹಡಗಿನ ನಡುವೆ ಒಂದೇ ಕಟ್ಟಡದಲ್ಲಿ. ಮತ್ತೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ, ತಗಡುಗಳನ್ನು ಜೋಡಿಸೋಕೆ ರಿವೆಟ್ (ಎರಡೂ ಕಡೆ ತಲೆ ಬಡಿದ ಮೊಳೆ) ಹೊಡೆಯುವ ಬದಲು ವೆಲ್ಡಿಂಗ್. ಎಂಜಿನ್ ಮಾತ್ರ ಹಳೇದನ್ನೇ ಉಳಿಸಿಕೊಂಡರು. ಅದಕ್ಕೂ ಕಾರಣ ಇತ್ತು. ಟರ್ಬೈನ್, ಅದಕ್ಕೆ ಬೇಕಾದ ನಯವಾದ ಗೇರು ಎಲ್ಲಾ ಯುದ್ಧನೌಕೆಗಳ ಪಾಲಾಗಿತ್ತು. ಪಿಸ್ಟನ್ನಿನ ಸ್ಟೀಮ್ ಎಂಜಿನ್ ಆದರೆ ದೊಡ್ಡ ಲೇತು, ಒಳ್ಳೇ ಎರಕದ ಮನೆ ಇರುವ ಯಾವ ಕಾರ್ಖಾನೆಯಾದರೂ ಮಾಡಬಹುದು. ಓಡಿಸೋಕೂ ಕಷ್ಟವಿಲ್ಲ. ಮೊನ್ನೆ ಮೊನ್ನೆವರೆಗೆ ಹೊಲದಲ್ಲಿದ್ದ ಹುಡುಗನಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ಎಂಜಿನ್ ರೂಮಿಗೆ ಇಳಿಸಬಹುದಿತ್ತು.

ನನಗೆ ಈ ಹಡಗು ಅರ್ಥವಾಗಿದ್ದೇ ಅಲ್ಲಿಂದ. ಇದನ್ನು ಕಟ್ಟಿದವರಲ್ಲಿ ಬಹುಪಾಲು ಜನ ಅದಕ್ಕಿಂತ ಮೊದಲು ಹಡಗು ಕಟ್ಟಿದವರಲ್ಲ. ಓಡಿಸಿದವರಲ್ಲಿ ಎಷ್ಟೋ ಜನ ಅದಕ್ಕಿಂತ ಮೊದಲು ಸಮುದ್ರವನ್ನೇ ನೋಡಿದವರಲ್ಲ. ಅದು ಗೊತ್ತಿದ್ದೇ ಹೀಗೆ ವಿನ್ಯಾಸ ಮಾಡಿದ್ದಾರೆ. ಡೀಸೆಲ್ ಹಡಗಿನಿಂದ ಬಂದ ನನಗೂ ಅದರಿಂದ ಉಪಕಾರವೇ ಆಯಿತು ಬಿಡಿ.

ಈ ಜಾತಿಯ ಹಡಗುಗಳಿಗೆ ಲಿಬರ್ಟಿ ಹಡಗು ಎಂದು ಹೆಸರು. 1941ರಿಂದ 1945ರೊಳಗೆ 18 ಯಾರ್ಡುಗಳಲ್ಲಿ 2,710 ಹಡಗು ಕಟ್ಟಿದರು. ತುಂಡು ತುಂಡಾಗಿ ಬೇರೆ ಕಡೆ ವೆಲ್ಡ್ ಮಾಡಿ, ಕ್ರೇನಿನಲ್ಲಿ ಎತ್ತಿ ತಂದು ಜೋಡಿಸುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದ ರಿಚ್ಮಂಡಿನಲ್ಲಿ, 1942ರ ನವೆಂಬರಿನಲ್ಲಿ ರಾಬರ್ಟ್ ಇ. ಪಿಯರಿ ಎಂಬ ಹಡಗನ್ನು ಐದು ದಿನ ತುಂಬುವುದರೊಳಗೆ ನೀರಿಗಿಳಿಸಿದರು. ಪ್ರವಾಸಿಗಳಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ನನಗೆ ಅದು ಸ್ವಲ್ಪ ತೋರಿಕೆಯ ಕೆಲಸ ಅನಿಸುತ್ತದೆ. ಎಲ್ಲಾ ಭಾಗ ಮೊದಲೇ ಸಿದ್ಧ ಮಾಡಿಟ್ಟುಕೊಂಡು, ಪತ್ರಿಕೆಯವರನ್ನು ಕರೆದು ಮಾಡಿದ್ದು. ನಮ್ಮ ಓಬ್ರಿಯನ್ನಿನ ಲೆಕ್ಕವೇ ನನಗೆ ಹೆಚ್ಚು. ಮೇಯ್ನ್ ರಾಜ್ಯದ ಸೌತ್ ಪೋರ್ಟ್‌ಲ್ಯಾಂಡಿನಲ್ಲಿ 1943ರ ಮೇ 6ಕ್ಕೆ ಕೆಲಸ ಶುರು, ಜೂನ್ 19ಕ್ಕೆ ನೀರಿಗೆ, ಜೂನ್ 30ಕ್ಕೆ ಸಿದ್ಧ. ಒಟ್ಟು 56 ದಿನ. ಯಾರೂ ಫೋಟೋ ಹಿಡಿಯೋಕೆ ಕಾದು ನಿಲ್ಲದ, ದಿನನಿತ್ಯದ ವೇಗ ಅದು.

ಹಡಗಿನ ಹೆಸರೂ ಆ ಊರಿನ ಕಡೆಯದೇ. ಜೆರೆಮಾಯಾ ಓಬ್ರಿಯನ್ ಮೇಯ್ನಿನವನು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿನಲ್ಲಿ, 1775ರ ಜೂನಿನಲ್ಲಿ ಮಚಾಯಸ್ ಎಂಬಲ್ಲಿ ಊರಿನವರನ್ನು ಕಟ್ಟಿಕೊಂಡು ಹೋಗಿ ಬ್ರಿಟಿಷರ ಮಾರ್ಗರೆಟ್ಟಾ ಹಡಗನ್ನು ಹಿಡಿದವನು. ಬ್ರಿಟಿಷರ ನಕ್ಷೆಯಲ್ಲಿ ಕಟ್ಟಿದ ಹಡಗಿಗೆ ಬ್ರಿಟಿಷರನ್ನು ಸೋಲಿಸಿದವನ ಹೆಸರು.

ಇನ್ನೊಂದು ವಿಷಯ ನಮ್ಮ ಬೆಂಗಳೂರಿನ ಕಡೆಯ ಸ್ನೇಹಿತರಿಗೆ ಹೇಳೋಕೆ ನನಗೆ ಬಲು ಇಷ್ಟ. ಅರ್ಧ ಕನ್ನಡಿಗರ ಆಫೀಸುಗಳೇ ಇರುವ ಸನ್ನಿವೇಲ್ ಊರಿದೆಯಲ್ಲ, ಯುದ್ಧದ ಕಾಲದಲ್ಲಿ ಅಲ್ಲಿನ ಜೋಶುವಾ ಹೆಂಡಿ ಕಾರ್ಖಾನೆ ಇದೇ ನಕ್ಷೆಯ 754 ಹಡಗಿನ ಎಂಜಿನ್‌ಗಳನ್ನು ಮಾಡಿತು. ಒಂದೊಂದೂ 130 ಟನ್‌ಗೂ ಜಾಸ್ತಿ ತೂಕ. ಸಿಲಿಕಾನ್ ವ್ಯಾಲಿ ಅನ್ನುವ ಹೆಸರೇ ಇಲ್ಲದ ಕಾಲ.

ಈಗ ಎಂಜಿನ್ ಬಗ್ಗೆ. ಎರಡು ಮಹಡಿ ಎತ್ತರ, ಮೂರು ಸಿಲಿಂಡರ್. ಮೊದಲನೆಯದರ ಬಾಯಿ 24½ ಇಂಚು, ಎರಡನೆಯದು 37, ಮೂರನೆಯದು 70 ಇಂಚು. ಪಿಸ್ಟನ್ ಮೇಲಿಂದ ಕೆಳಕ್ಕೆ 48 ಇಂಚು ಓಡುತ್ತದೆ. ಬಾಯ್ಲರಿನಿಂದ 220 ಪೌಂಡ್ ಒತ್ತಡದ ಸ್ಟೀಮ್ ಮೊದಲ ಸಿಲಿಂಡರಿಗೆ ಬಂದು ಪಿಸ್ಟನ್ ತಳ್ಳುತ್ತದೆ. ಅಲ್ಲಿ ಶಕ್ತಿ ಪೂರ್ತಿ ಮುಗಿದಿರುವುದಿಲ್ಲ. ಆಗಲೇ ಸ್ವಲ್ಪ ಉಬ್ಬಿದ ಆ ಸ್ಟೀಮ್ ದೊಡ್ಡ ಸಿಲಿಂಡರಿಗೆ ಹೋಗುತ್ತದೆ, ಆಮೇಲೆ ಇನ್ನೂ ದೊಡ್ಡದಕ್ಕೆ. ಮೂರು ಸಲ ದುಡಿಸಿಕೊಂಡ ಮೇಲೆ, ಸ್ಟೀಮನ್ನು ತಣ್ಣಗೆ ಮಾಡಿ ನೀರಾಗಿಸುವ ಕಂಡೆನ್ಸರಿಗೆ. ಒಟ್ಟು 2,500 ಅಶ್ವಶಕ್ತಿ, ನಿಮಿಷಕ್ಕೆ 76 ಸುತ್ತು. ಅಷ್ಟೇ.

ನನಗೆ ಮೊದಲು ತಟ್ಟಿದ್ದು ಅದರ ಮೌನ. ಡೀಸೆಲ್ ಎಂಜಿನ್ ರೂಮಿನಲ್ಲಿ ಕಿವಿಗೆ ಮಫ್ ಹಾಕದೆ ಇರೋಕಾಗಲ್ಲ. ಮಾತೆಲ್ಲ ಕೈಸನ್ನೆಯಲ್ಲೇ. ಇಲ್ಲಿ ಎಂಜಿನ್ ಪಕ್ಕದಲ್ಲೇ ನಿಂತು ಸಂಸಾರದ ಕಷ್ಟಸುಖ ಮಾತಾಡಬಹುದು. ಸ್ಟೀಮಿನ ಸಣ್ಣ ಸುಯ್ ಸದ್ದು, ಲಿಂಕುಗಳ ಟಕ್ ಟಕ್, ಪಂಪುಗಳ ಕುಟುಕು, ಅದಕ್ಕಿಂತ ಜಾಸ್ತಿ ಇಲ್ಲ. ಹಾಗಾಗಿ ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸ ಬಂದರೂ ಗೊತ್ತಾಗುತ್ತದೆ. ಸೆಕೆ ಮಾತ್ರ ನಮ್ಮ ಕರಾವಳಿಯ ಏಪ್ರಿಲ್ ತಿಂಗಳನ್ನೂ ಮೀರಿಸುತ್ತದೆ.

ಸ್ಟೀಮ್ ಎಬ್ಬಿಸುವುದು ಆತುರದ ಕೆಲಸವಲ್ಲ. ಡೀಸೆಲ್ಲಿನವರಿಗೆ ಮೊದಲು ಕಲಿಯಬೇಕಾದ ಪಾಠ ಇದೇ. ತಣ್ಣಗಿರುವ ಬಾಯ್ಲರಿಗೆ ಒಮ್ಮೆಲೇ ಬೆಂಕಿ ಕೊಟ್ಟರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ಕೊಳವೆಗಳ ಕೀಲು ಸೋರುತ್ತದೆ. ಒಂದೇ ಬರ್ನರ್ ಸ್ವಲ್ಪ ಹೊತ್ತು ಹಚ್ಚಬೇಕು, ಆರಿಸಬೇಕು, ಬಿಡಬೇಕು, ಮತ್ತೆ ಹಚ್ಚಬೇಕು. ರಾತ್ರಿಯೆಲ್ಲ ಇದೇ. ಮೇಲಿನ ಏರ್ ವಾಲ್ವಿನಲ್ಲಿ ಗಾಳಿ ಹೋಗಿ ಒಳ್ಳೆ ಸ್ಟೀಮ್ ಬರೋಕೆ ಶುರುವಾದ ಮೇಲೆ ಅದನ್ನು ಮುಚ್ಚಬೇಕು. ಬಾಯ್ಲರ್ ಕಾಯುವವನು ಕಣ್ಣಿಡಬೇಕಾದ್ದು ಗಾಜಿನ ಕೊಳವೆಯಲ್ಲಿ ಕಾಣುವ ನೀರಿನ ಮಟ್ಟದ ಮೇಲೆ. ಆ ಗಾಜಿನಲ್ಲಿ ಕಾಣುವುದು ನಿಜವೋ ಸುಳ್ಳೋ ಅಂತ ಆಗಾಗ ಅದರ ಕೆಳಗಿನ ತಿರುಪು ತೆರೆದು, ನೀರು ಬಿಟ್ಟು ನೋಡಬೇಕು. ನೀರು ತಕ್ಷಣ ಮೇಲೆದ್ದು ಬಂದರೆ ಸರಿ.

ಅಷ್ಟರಲ್ಲಿ ಎಂಜಿನ್ ಕಡೆಯವರು ಟರ್ನಿಂಗ್ ಗೇರಿನಿಂದ ಎಂಜಿನ್ನನ್ನು ನಿಧಾನಕ್ಕೆ ಒಂದೆರಡು ಸುತ್ತು ತಿರುಗಿಸುತ್ತಾರೆ. ಎಲ್ಲೂ ಹಿಡಿದುಕೊಂಡಿಲ್ಲ ತಾನೇ ಅಂತ. ಆಮೇಲೆ ಪೈಪು, ಸಿಲಿಂಡರುಗಳ ಡ್ರೇನ್ ತೆರೆದಿಟ್ಟು ಸ್ವಲ್ಪ ಸ್ವಲ್ಪ ಸ್ಟೀಮ್ ಬಿಟ್ಟು ಬೆಚ್ಚಗೆ ಮಾಡಬೇಕು. ತಣ್ಣನೆ ಕಬ್ಬಿಣಕ್ಕೆ ಸ್ಟೀಮ್ ತಾಗಿದರೆ ನೀರಾಗುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಮುಚ್ಚಳಕ್ಕೂ ನಡುವೆ ನೀರು ಸಿಕ್ಕಿಕೊಂಡರೆ, ನೀರು ಕುಗ್ಗುವುದಿಲ್ಲ, ಮುಚ್ಚಳ ಒಡೆಯುತ್ತದೆ. ಅದಕ್ಕೇ ಎಂಜಿನ್ನನ್ನು ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ ಆಡಿಸುತ್ತಾ ಕಾಯಿಸುವುದು. ಎಲ್ಲಾ ಡ್ರೇನುಗಳಿಂದಲೂ ನೀರು ನಿಂತು ಬರೀ ಸ್ಟೀಮ್ ಬಂದ ಮೇಲೆಯೇ ಮೇಲಿನವರಿಗೆ ‘ಎಂಜಿನ್ ರೆಡಿ’ ಅನ್ನುವುದು.

ನನಗೆ ಸಿಕ್ಕ ಕೆಲಸ ಎಂಜಿನ್ನಿಗೆ ಎಣ್ಣೆ ಹಾಕುವ ಆಯಿಲರ್‌ನದು. ಎಂಜಿನ್ ರೂಮಿನ ಶ್ರೇಣಿಯಲ್ಲಿ ಕೆಳಗಿನ ಕೆಲಸವೇ. ಆದರೆ ಎಂಜಿನ್ನನ್ನು ಮುಟ್ಟಿ ತಿಳಿಯುವ ಭಾಗ್ಯ ಚೀಫ್ ಎಂಜಿನಿಯರಿಗಿಂತ ಆಯಿಲರಿಗೇ ಜಾಸ್ತಿ. ಇಲ್ಲಿ ಒತ್ತಡದಿಂದ ಎಣ್ಣೆ ಹರಿಸುವ ಪಂಪಿನ ವ್ಯವಸ್ಥೆ ಇಲ್ಲ. ಎತ್ತರದಲ್ಲಿ ಎಣ್ಣೆ ಡಬ್ಬಿಗಳು, ಅದರಿಂದ ಕೆಳಗೆ ಬೇರಿಂಗಿಗೆ ಇಳಿಯುವ ಸಣ್ಣ ಕೊಳವೆಗಳು. ಡಬ್ಬಿಯ ಎಣ್ಣೆಯಲ್ಲಿ ಒಂದು ತುದಿ, ಕೊಳವೆಯೊಳಗೆ ಇನ್ನೊಂದು ತುದಿ ಇಟ್ಟ ಉಣ್ಣೆ ನೂಲಿನ ಬತ್ತಿ. ಬತ್ತಿ ಎಣ್ಣೆ ಹೀರಿ ಹನಿ ಹನಿಯಾಗಿ ಆಚೆ ಬಿಡುತ್ತದೆ. ಎಳೆ ಜಾಸ್ತಿ ಹಾಕಿದರೆ ಜಾಸ್ತಿ ಎಣ್ಣೆ, ಕಮ್ಮಿ ಹಾಕಿದರೆ ಕಮ್ಮಿ. ಎಂಜಿನ್ ನಿಂತಾಗ ಬತ್ತಿಯನ್ನು ಮೇಲಕ್ಕೆ ಎತ್ತಿಡಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲ ಡಬ್ಬಿ ಖಾಲಿಯಾಗಿ ಎಣ್ಣೆ ಹಡಗಿನ ತಳದ ಬಿಲ್ಜಿಗೆ ಸೇರುತ್ತದೆ. ದೇವರ ಮನೆಯಲ್ಲಿ ಬತ್ತಿ ಹೊಸೆದು ಅಭ್ಯಾಸ ಇದ್ದ ನಮ್ಮಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಒಂದೇ ಸಲಕ್ಕೆ ಅರ್ಥವಾಯಿತು.

ಬೇರಿಂಗ್ ಬಿಸಿಯಾಗಿದೆಯಾ ಅಂತ ನೋಡೋಕೆ ಸೆನ್ಸರ್ ಇಲ್ಲ. ಕೈ ಇದೆ. ಓಡುತ್ತಿರುವ ಎಂಜಿನ್ನಿನಲ್ಲಿ ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕಿನ ಹತ್ತಿರ ಅಂಗೈ ಒಡ್ಡಬೇಕು, ಸುತ್ತು ಬಂದಾಗ ಬೇರಿಂಗ್ ಅಂಗೈಯನ್ನು ಸವರಿಕೊಂಡು ಹೋಗಬೇಕು. ಕೇಳಿದರೆ ಹುಚ್ಚುತನ ಅನಿಸುತ್ತೆ ಅಲ್ವಾ? ನನಗೂ ಹಾಗೇ ಅನಿಸಿತ್ತು. ಹೇಳಿಕೊಟ್ಟ ಹಿರಿಯರೊಬ್ಬರ ಮಾತು ನೆನಪಿದೆ: ಕೈ ಕ್ರ್ಯಾಂಕಿನ ಹಿಂದೆ ಹೋಗಬಾರದು, ಕ್ರ್ಯಾಂಕೇ ಕೈಯ ಹತ್ತಿರ ಬರಬೇಕು. ಮೊಣಕೈಯನ್ನು ಒಂದು ಕಡೆ ಊರಿ, ಮೊದಲು ಸುಮ್ನೆ ನಿಂತು ತಾಳ ಹಿಡಿಯಬೇಕು. ಉಂಗುರ, ವಾಚು, ಸಡಿಲ ತೋಳಿನ ಅಂಗಿ ಯಾವುದೂ ಇರಬಾರದು. ಎಂಜಿನ್ ನಿಧಾನಕ್ಕೆ ತಿರುಗುವಾಗ ಕಲಿಯಬೇಕು. ಒಮ್ಮೆ ತಾಳ ಸಿಕ್ಕಿತೆಂದರೆ ಆಮೇಲೆ ಅಂಗೈ ಹೇಳುವುದನ್ನು ಯಾವ ಥರ್ಮಾಮೀಟರೂ ಹೇಳಲ್ಲ. ಬೆಚ್ಚಗಿದೆಯಾ, ಬಿಸಿಯಾ, ಎಣ್ಣೆ ಜಿಡ್ಡಾಗಿದೆಯಾ, ನೀರು ಬೆರೆತು ಹಾಲಿನ ಹಾಗೆ ಆಗಿದೆಯಾ, ಎಲ್ಲಾ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಯುದ್ಧದಲ್ಲಿ 18–19 ವರ್ಷದ ಹುಡುಗರು 76 ಸುತ್ತಿನಲ್ಲಿ, ಹಡಗು ಹೊಯ್ದಾಡುವಾಗ, ಇದನ್ನು ನಾಲ್ಕು ಗಂಟೆಯ ಪಾಳಿಯುದ್ದಕ್ಕೂ ಮಾಡುತ್ತಿದ್ದರು.

ಪಿಸ್ಟನ್ ರಾಡುಗಳಿಗೆ ಉದ್ದ ಹಿಡಿಯ ಬ್ರಷ್ಷಿನಲ್ಲಿ ಎಣ್ಣೆ ಬಳಿಯುವುದೂ ಆಯಿಲರ್ ಕೆಲಸ. ಇಲ್ಲಿ ಕೈ ಧಾರಾಳ ಆಗಬಾರದು. ರಾಡಿಗೆ ಹಚ್ಚಿದ ಎಣ್ಣೆ ಸಿಲಿಂಡರಿನೊಳಗೆ ಹೋಗಿ, ಸ್ಟೀಮಿನ ಜೊತೆ ಕಂಡೆನ್ಸರಿಗೆ ಬಂದು, ನೀರಿನಲ್ಲಿ ಬೆರೆತು ವಾಪಸ್ ಬಾಯ್ಲರ್ ಸೇರುತ್ತದೆ. ಬಾಯ್ಲರಿನ ಕೊಳವೆಯೊಳಗೆ ಎಣ್ಣೆಯ ಪದರ ಕೂತರೆ ಆ ಜಾಗದ ಬಿಸಿಯನ್ನು ನೀರು ಎಳೆದುಕೊಳ್ಳೋಕಾಗಲ್ಲ, ಕೊಳವೆ ಸುಟ್ಟು ಬಾತು ಒಡೆಯುತ್ತದೆ. ಅದಕ್ಕೇ ನೀರು ವಾಪಸ್ ಹೋಗುವ ದಾರಿಯಲ್ಲಿ ಒಂದು ಸೋಸುವ ಪೆಟ್ಟಿಗೆ. ಸ್ಟೀಮ್ ಹಡಗುಗಳ ಕಾಲದಲ್ಲಿ ಆ ಪೆಟ್ಟಿಗೆಯೊಳಗೆ ಏನು ತುಂಬುತ್ತಿದ್ದರು ಗೊತ್ತಾ? ಹೀರೆಕಾಯಿ ನಾರು. ನಮ್ಮ ಕಡೆ ಮೈ ಉಜ್ಜೋಕೆ ಇಟ್ಟುಕೊಳ್ಳುವ ಅದೇ ಒಣ ಹೀರೆಕಾಯಿ. ನೀರನ್ನು ಬಿಟ್ಟು ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಯುದ್ಧಕ್ಕೆ ಮೊದಲು ಅಮೆರಿಕ ಅದನ್ನು ಹೆಚ್ಚಾಗಿ ಜಪಾನಿನಿಂದ ತರಿಸುತ್ತಿತ್ತು. ಯುದ್ಧ ಶುರುವಾದ ಮೇಲೆ ಹೀರೆಕಾಯಿಗೂ ಪರದಾಟ.

ಕಂಡೆನ್ಸರ್ ಅಂದಾಗ ಒಬ್ಬರ ನೆನಪಾಗುತ್ತದೆ. ಸ್ನೇಹಿತನ ತಂದೆ ಹುಬ್ಬಳ್ಳಿಯವರು. ರೈಲ್ವೆಯಲ್ಲಿ ಸ್ಟೀಮ್ ಲೋಕೋ ಓಡಿಸಿದವರು. ಮಗನ ಮನೆಗೆ ಬಂದಾಗ ಹಡಗು ತೋರಿಸೋಕೆ ಕರೆದುಕೊಂಡು ಬಂದೆವು. ಮೆಟ್ಟಿಲು ಇಳಿಯೋಕೆ ಸ್ವಲ್ಪ ಕಷ್ಟಪಟ್ಟರು. ಕೆಳಗೆ ಬಂದು ಎಂಜಿನ್ ನೋಡಿದವರು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದರು, ‘ತಮ್ಮಾ, ಈ ಸ್ಟೀಮ್ ಕೆಲಸ ಮುಗಿಸಿ ಎಲ್ಲಿಗೆ ಹೋಗ್ತದ? ಹೊರಗ ಬಿಡೂದಿಲ್ಲೇನು?’

‘ಇಲ್ಲ ಕಾಕಾ, ಸಮುದ್ರದ ನೀರಿನಿಂದ ತಣ್ಣಗೆ ಮಾಡಿ ಮತ್ತೆ ನೀರು ಮಾಡ್ತೀವಿ. ಅದೇ ನೀರು ವಾಪಸ್ ಬಾಯ್ಲರಿಗೆ ಹೋಗುತ್ತೆ.’

‘ಹೌದೇನು? ನಾವು ಚಿಮಣಿಯಾಗ ಬಿಟ್ಟು ಛಕ್ ಛಕ್ ಅನ್ನಿಸಿ, ಮುಂದಿನ ಸ್ಟೇಶನ್ನಿನ್ಯಾಗ ನೀರು ತುಂಬಸ್ತಿದ್ವಿ.’

‘ಸಮುದ್ರದಾಗ ಮುಂದಿನ ಸ್ಟೇಶನ್ ಇಲ್ಲಲ್ಲ ಕಾಕಾ’ ಅಂದೆ. ನಕ್ಕರು. ಲೋಕೋ ಸದ್ದು ಮಾಡುತ್ತದೆ, ಹಡಗಿನ ಎಂಜಿನ್ ಸದ್ದು ಮಾಡುವುದಿಲ್ಲ ಯಾಕೆ ಅನ್ನುವುದಕ್ಕೂ ಉತ್ತರ ಅದೇ. ಸುತ್ತಲೂ ನೀರೇ ಇದ್ದರೂ ಉಪ್ಪುನೀರನ್ನು ಬಾಯ್ಲರಿಗೆ ಹಾಕೋಕಾಗಲ್ಲ. ಇರುವ ಸಿಹಿನೀರನ್ನೇ ಸುತ್ತಿಸಿ ಸುತ್ತಿಸಿ ಬಳಸಬೇಕು.

ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಕೆಲಸದಲ್ಲೂ ಯುದ್ಧದ ಗುರುತಿದೆ. ಗಾಳಿ ಕಮ್ಮಿಯಾದರೆ ಬರ್ನರ್ ಕಪ್ಪು ಹೊಗೆ ಉಗುಳುತ್ತದೆ. ಈಗ ಕಪ್ಪು ಹೊಗೆ ಬಂದರೆ ನಗರದವರು ದೂರು ಕೊಡುತ್ತಾರೆ. ಆಗ ಬಂದರೆ ದಿಗಂತದಾಚೆ ಇರುವ ಯು-ಬೋಟಿಗೆ ಹಡಗುಗಳ ಸಾಲು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಬಾಯ್ಲರಿನ ಕೊಳವೆಗಳ ಮಸಿ ಊದುವುದನ್ನೂ ಕತ್ತಲಾದ ಮೇಲೆಯೇ ಇಟ್ಟುಕೊಳ್ಳುತ್ತಿದ್ದರು. ಕಾನ್ವಾಯಿನಲ್ಲಿ, ಅಂದರೆ ಕಾವಲಿನ ಜೊತೆ ಗುಂಪಾಗಿ ಹೋಗುವಾಗ, ಅಕ್ಕಪಕ್ಕ, ಹಿಂದೆ ಮುಂದೆ ಹಡಗುಗಳು. ದೀಪ ಇಲ್ಲ. ಅಂತರ ಕಾಯ್ದುಕೊಳ್ಳಬೇಕು. ಮೇಲಿನಿಂದ ಎರಡು ಸುತ್ತು ಜಾಸ್ತಿ ಮಾಡಿ, ಒಂದು ಸುತ್ತು ಕಮ್ಮಿ ಮಾಡಿ ಅಂತ ಹೇಳುತ್ತಲೇ ಇರುತ್ತಿದ್ದರಂತೆ. ಸ್ಟೀಮ್ ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ಹಿಡಿದು ನೋಡಿದ ಮೇಲೆ ನನಗೆ ಅದರ ಕಷ್ಟ ಅಂದಾಜಾಗಿದ್ದು. ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಎಂಜಿನ್ ಒಪ್ಪಿಕೊಳ್ಳೋಕೆ ಕಾಯಬೇಕು.

ಎಂಜಿನ್ ರೂಮಿನ ಹಿಂಬದಿಯಲ್ಲಿ ಒಂದು ಬಾಗಿಲು. ಅದರಾಚೆ ಶಾಫ್ಟ್ ಆಲಿ. ನಡುವಿನಲ್ಲಿರುವ ಎಂಜಿನ್ನಿನಿಂದ ಹಿಂದಿನ ಪ್ರೊಪೆಲ್ಲರಿಗೆ ಹೋಗುವ ಉದ್ದನೆಯ ಶಾಫ್ಟ್, ಅದರ ಪಕ್ಕ ಒಬ್ಬ ನಡೆಯುವಷ್ಟು ಜಾಗ. ಶಾಫ್ಟಿನ ಬೇರಿಂಗುಗಳಿಗೂ ಆಯಿಲರೇ ಹೋಗಿ ಕೈ ಇಟ್ಟು ನೋಡಬೇಕು. ತಲೆಯ ಮೇಲೆ ನಾಲ್ಕು ಮತ್ತು ಐದನೇ ಹೋಲ್ಡುಗಳು. ಯುದ್ಧದಲ್ಲಿ ಅವುಗಳ ತುಂಬ ಮದ್ದುಗುಂಡು ಇರಬಹುದಿತ್ತು. ಸುರಂಗದ ಕೊನೆಯಲ್ಲಿ ನೇರ ಮೇಲಕ್ಕೆ ಹೋಗುವ ಕಬ್ಬಿಣದ ಏಣಿ. ಟಾರ್ಪಿಡೋ ಎಂಜಿನ್ ರೂಮಿಗೆ ಬಡಿದು ಮುಂದಿನ ದಾರಿ ಮುಚ್ಚಿದರೆ ಪಾರಾಗೋಕೆ ಅದೊಂದೇ. ನಾನೂ ಆ ಏಣಿ ಹತ್ತಿದ್ದೇನೆ. ದೀಪ ಇದ್ದಾಗ, ನೀರು ಇಲ್ಲದಾಗ, ಯಾರೂ ಅಟ್ಟಿಸಿಕೊಂಡು ಬರದಿದ್ದಾಗಲೂ ಉಸಿರು ಕಟ್ಟುತ್ತದೆ. ಯುದ್ಧದಲ್ಲಿ ಸುಮಾರು 200 ಲಿಬರ್ಟಿ ಹಡಗುಗಳು ನಾಶವಾದವು. ಈ ಸರಕು ಹಡಗುಗಳ ನಾವಿಕರಿಗೆ ಅಮೆರಿಕ ಮಾಜಿ ಯೋಧರ ಸ್ಥಾನ ಕೊಟ್ಟಿದ್ದು 1988ರಲ್ಲಿ. ಅಷ್ಟರಲ್ಲಿ ಎಷ್ಟು ಜನ ಉಳಿದಿದ್ದರು!

ನಮ್ಮ ಹಡಗಿನ ಓಡಾಟವನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಅಟ್ಲಾಂಟಿಕ್ ದಾಟುವ ನಾಲ್ಕು ಕಾನ್ವಾಯ್. 1944ರ ಜೂನಿನಿಂದ ಇಂಗ್ಲೆಂಡಿನಿಂದ, ಮಿತ್ರಪಡೆಗಳು ದಾಳಿಗಿಳಿದ ಫ್ರಾನ್ಸಿನ ನಾರ್ಮಂಡಿಯ ದಡಕ್ಕೆ 11 ಸಲ ಸೈನಿಕರು, ಸಾಮಾನು ಹೊತ್ತು ಹೋಗಿ ಬಂದಿದ್ದು. ಆಮೇಲೆ ದಕ್ಷಿಣ ಅಮೆರಿಕ, ಪೆಸಿಫಿಕ್, ಹಿಂದೂ ಮಹಾಸಾಗರ. ಆ ಸುತ್ತಿನಲ್ಲಿ ಭಾರತಕ್ಕೂ ಬಂದಿತ್ತು. ಇಂಥ ವಿವರ ಹುಡುಕುವವರಿಗೆ ಒಂದು ಕಿವಿಮಾತು. ಪ್ರತಿ ಹಡಗಿನಲ್ಲೂ ಫಿರಂಗಿ ನೋಡಿಕೊಳ್ಳೋಕೆ ನೌಕಾಪಡೆಯ ಸಣ್ಣ ತುಕಡಿ ಇರುತ್ತಿತ್ತು, ಆರ್ಮ್ಡ್ ಗಾರ್ಡ್ ಅಂತ. ಅದರ ಅಧಿಕಾರಿ ಪ್ರತಿ ಪ್ರಯಾಣಕ್ಕೂ ವರದಿ ಬರೆಯುತ್ತಿದ್ದ. ಆ ವರದಿಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಲಿಬರ್ಟಿ ಹಡಗಿನ ದಿನಚರಿ ತಿಳಿಯೋಕೆ ಅದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ.

ಆತುರದ ವೆಲ್ಡಿಂಗಿನ ಬೆಲೆಯನ್ನೂ ಹೇಳಬೇಕು. ಚಳಿಗಾಲದ ಅಟ್ಲಾಂಟಿಕ್‌ನಲ್ಲಿ ಕೆಲವು ಲಿಬರ್ಟಿಗಳ ಡೆಕ್ ಪಟ್ ಅಂತ ಬಿರುಕು ಬಿಟ್ಟಿತು. ಕೆಲವು ಹಡಗು ಪೂರ್ತಿ ಎರಡು ತುಂಡಾದವು. ವೆಲ್ಡರುಗಳು ಹೊಸಬರು, ಅದಕ್ಕೇ ಹೀಗಾಯಿತು ಅಂತ ಮೊದಲು ದೂರಿದರು. ಕೇಂಬ್ರಿಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿಜ್ಞಾನಿ ಪರೀಕ್ಷಿಸಿ ತೋರಿಸಿದ್ದು ಬೇರೆಯೇ: ಆ ಉಕ್ಕು ಒಂದು ಮಟ್ಟಕ್ಕಿಂತ ತಣ್ಣಗಾದರೆ ಗಾಜಿನಂತೆ ಪೆಡಸಾಗುತ್ತಿತ್ತು. ಬಿರುಕು ಹೆಚ್ಚಾಗಿ ಶುರುವಾಗುತ್ತಿದ್ದದ್ದು ಹ್ಯಾಚಿನ, ಅಂದರೆ ಡೆಕ್ಕಿನಲ್ಲಿ ಹೋಲ್ಡಿಗೆ ಇರುವ ಬಾಯಿಯ, ಚೌಕ ಮೂಲೆಯಿಂದ. ರಿವೆಟ್ ಹೊಡೆದ ಹಡಗಾದರೆ ಒಂದು ತಗಡಿನ ಅಂಚಿಗೆ ಬಂದು ಬಿರುಕು ನಿಲ್ಲುತ್ತದೆ. ವೆಲ್ಡ್ ಮಾಡಿದ ಹಡಗು ಪೂರ್ತಿ ಒಂದೇ ತಗಡು ಇದ್ದಂತೆ, ಬಿರುಕಿಗೆ ತಡೆಯೇ ಇಲ್ಲ. ಆಮೇಲೆ ಹ್ಯಾಚ್ ಮೂಲೆಗಳನ್ನು ಬಲಪಡಿಸಿದರು, ಬಿರುಕು ತಡೆಯೋಕೆ ಉದ್ದಕ್ಕೂ ರಿವೆಟ್ ಹೊಡೆದ ಪಟ್ಟಿಗಳನ್ನು ಕೂರಿಸಿದರು. ತಪ್ಪು ಹೊಸ ಕೆಲಸಗಾರರದ್ದು ಮಾತ್ರ ಅಲ್ಲ ಅಂತ ಗೊತ್ತಾಗಿದ್ದು ನನಗಂತೂ ಸಮಾಧಾನದ ವಿಷಯ.

ಈ ಹಡಗಿನ ಬಳಗದವರು ನಮ್ಮ ದೇಶದ ಕಥೆಯಲ್ಲೂ ಇದ್ದಾರೆ. ಸಂಡರ್‌ಲ್ಯಾಂಡಿನ ಅದೇ ನಕ್ಷೆಯಿಂದ ಕೆನಡಾದವರೂ ಹಡಗು ಕಟ್ಟಿದರು. ಅವರದು ರಿವೆಟ್ ಹೊಡೆದ, ಕಲ್ಲಿದ್ದಲಿನ ‘ಫೋರ್ಟ್’ ಹಡಗುಗಳು. ಅವುಗಳಲ್ಲಿ ಒಂದು, 1942ರಲ್ಲಿ ಪ್ರಿನ್ಸ್ ರೂಪರ್ಟಿನಲ್ಲಿ ಕಟ್ಟಿದ ಫೋರ್ಟ್ ಸ್ಟಿಕೀನ್. ಮುಂಬಯಿಯ ಹಳಬರು ಈ ಹೆಸರು ಕೇಳಿರುತ್ತಾರೆ. ಸುಮಾರು 1,400 ಟನ್ ಸ್ಫೋಟಕ, ಕರಾಚಿಯಲ್ಲಿ ತುಂಬಿಸಿಕೊಂಡ ಹತ್ತಿ ಬೇಲುಗಳು, ಎಣ್ಣೆ ಪೀಪಾಯಿ, ಚಿನ್ನದ ಗಟ್ಟಿಗಳು, ಎಲ್ಲಾ ಒಂದೇ ಹಡಗಿನಲ್ಲಿ. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕಿನಲ್ಲಿ ಎರಡನೇ ಹೋಲ್ಡಿಗೆ ಬೆಂಕಿ ಬಿತ್ತು. ಸಂಜೆ 4 ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು, ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಹೇಳುತ್ತಾರೆ. ಬೆಂಕಿ ಆರಿಸೋಕೆ ಹೋದ 66 ಮಂದಿ ಅಗ್ನಿಶಾಮಕರು ಅದರಲ್ಲಿದ್ದರು. ಏಪ್ರಿಲ್ 14ರಿಂದ ದೇಶದಲ್ಲಿ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಅದಕ್ಕೇ. ಓಬ್ರಿಯನ್ನಿನ ಎರಡನೇ ಹೋಲ್ಡಿಗೆ ಇಳಿದಾಗ ನಾನು ಸುತ್ತ ಅಳೆದು ನೋಡಿದೆ. ಜಾಗದ ಲೆಕ್ಕ ಹೆಚ್ಚುಕಮ್ಮಿ ಅದೇ. ಹತ್ತಿ ಮತ್ತು ಮದ್ದನ್ನು ಒಂದೇ ಹೋಲ್ಡಿನಲ್ಲಿ ಇಡೋಕೆ ಒಪ್ಪಿದ ಜನ ಯುದ್ಧದ ಒತ್ತಡದಲ್ಲಿದ್ದರು ಅಂತ ಗೊತ್ತು. ಆದರೂ ಅರಗಿಸಿಕೊಳ್ಳೋಕೆ ಕಷ್ಟ. ಇನ್ನೊಂದು ಫೋರ್ಟ್ ಹಡಗಿನ ಕಥೆ ಅಷ್ಟು ಕೆಟ್ಟದ್ದಲ್ಲ. ಫೋರ್ಟ್ ಎಲಿಸ್ ಎಂಬುದನ್ನು 1948ರಲ್ಲಿ ಗ್ರೇಟ್ ಈಸ್ಟರ್ನ್ ಶಿಪ್ಪಿಂಗ್ ಕಂಪನಿ ಕೊಂಡು ಜಗ್ ವಿಜಯ್ ಎಂದು ಹೆಸರಿಟ್ಟಿತು. ಆ ಕಂಪನಿಯ ಮೊದಲ ಹಡಗು ಅದು.

ಯುದ್ಧ ಮುಗಿದ ಮೇಲೆ ಲಿಬರ್ಟಿಗಳನ್ನು ಗ್ರೀಕರು ಸೇರಿದಂತೆ ಬಹಳ ಜನ ಕೊಂಡರು, ತಿದ್ದಿದರು, ಸವೆಸಿದರು, ಒಡೆದರು. ಓಬ್ರಿಯನ್ ಮಾರಾಟವಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಈಶಾನ್ಯಕ್ಕಿರುವ ಸುಸೂನ್ ಕೊಲ್ಲಿಯಲ್ಲಿ 1946ರಿಂದ 33 ವರ್ಷ ನೂರಾರು ಹಡಗುಗಳ ಜೊತೆ ಲಂಗರು ಹಾಕಿ ಬಿಟ್ಟಿದ್ದರು. ಎಂಜಿನ್ನಿನ ತುಂಬ ತುಕ್ಕು ತಡೆಯುವ ಗಟ್ಟಿ ಗ್ರೀಸು. ಪಕ್ಕದ ಹಡಗುಗಳು ಒಂದೊಂದಾಗಿ ಗುಜರಿಗೆ ಹೋದವು. ಥಾಮಸ್ ಪ್ಯಾಟರ್ಸನ್ ಎಂಬ ಅಧಿಕಾರಿ ಇದನ್ನು ಮಾತ್ರ ಪ್ರತಿ ಸಲವೂ ಪಟ್ಟಿಯ ಕೊನೆಗೆ ತಳ್ಳುತ್ತಾ ಬಂದರು. ಯಾರೂ ಏನೂ ಬದಲಾಯಿಸದೆ ಬಿಟ್ಟಿದ್ದ ಹಡಗು ಎಂಬುದೇ ಅವರಿಗೆ ಹಿಡಿಸಿದ್ದು. 1979ರ ಅಕ್ಟೋಬರ್ 6ಕ್ಕೆ ಸ್ವಯಂಸೇವಕರು ಗ್ರೀಸು ಕೆರೆದು, ಬಾಯ್ಲರ್ ಹಚ್ಚಿ, ಟಗ್ಗಿನಿಂದ ಎಳೆಸಿಕೊಳ್ಳದೆ ಅಲ್ಲಿಂದ ಹೊರಟರು. ಒಬ್ಬ ಎಂಜಿನಿಯರ್ ಆಗಿ ಹೇಳುತ್ತೇನೆ, ಈ ಹಡಗಿನ ಇತಿಹಾಸದಲ್ಲಿ ನನಗೆ ಹೆಚ್ಚು ಬೆರಗು ತರುವ ದಿನ ನಾರ್ಮಂಡಿಯದ್ದಲ್ಲ, ಇದು. ಐದು ವರ್ಷ ಬಾಳಿದರೆ ಸಾಕು ಅಂತ ಕಟ್ಟಿದ ಎಂಜಿನ್, 33 ವರ್ಷ ಮುಟ್ಟದೆ ಬಿಟ್ಟ ಮೇಲೆ ತಿರುಗಿತು.

1994ರಲ್ಲಿ ನಾರ್ಮಂಡಿ ದಾಳಿಯ 50ನೇ ವರ್ಷಕ್ಕೆ ಇದೇ ಹಡಗು ಪನಾಮಾ ಕಾಲುವೆ ದಾಟಿ ಫ್ರಾನ್ಸಿಗೆ ಹೋಗಿ ಬಂದಿತು. ಓಡಿಸಿದವರು ಬಹುಪಾಲು 70ರ ಆಸುಪಾಸಿನ ಯುದ್ಧಕಾಲದ ನಾವಿಕರು. 1944ರ ಆ ದೊಡ್ಡ ನೌಕಾಸಮೂಹದಿಂದ ವಾಪಸ್ ಹೋದ ಸಾಗರದ ಹಡಗು ಇದೊಂದೇ. 2020ರ ಮೇ 23ರ ಬೆಳಗಿನ ಜಾವ ಇದು ನಿಂತಿದ್ದ ಪಿಯರ್ 45ರ ಗೋದಾಮಿಗೆ ದೊಡ್ಡ ಬೆಂಕಿ ಬಿದ್ದಾಗ, ನಗರದ ಅಗ್ನಿಶಾಮಕ ದೋಣಿ ಸೇಂಟ್ ಫ್ರಾನ್ಸಿಸ್ ಹಡಗಿನ ಪಕ್ಕದಲ್ಲೇ ನಿಂತು ನೀರು ಹೊಡೆದು ಉಳಿಸಿತು. ಆಮೇಲೆ ಹಡಗನ್ನು ಪಿಯರ್ 35ಕ್ಕೆ ತಂದರು.

ಹೋಗಿ ನೋಡಬೇಕು ಅನ್ನುವವರು ಹಡಗು ಸುಮ್ನೆ ನಿಂತಿರುವ ದಿನ ಬಿಟ್ಟು, ಸ್ಟೀಮ್ ಎಬ್ಬಿಸುವ ದಿನ ಯಾವುದು ಅಂತ ವಿಚಾರಿಸಿ ಹೋಗಿ. ಎಂಜಿನ್ ಓಡುತ್ತಿರುವಾಗಲೂ ಪ್ರವಾಸಿಗಳನ್ನು ಕೆಳಗೆ ಬಿಡುತ್ತಾರೆ. ಮೆಟ್ಟಿಲು ಕಡಿದು, ಕಂಬಿ ಬಿಸಿ, ಸೀರೆ ಉಟ್ಟವರಿಗೆ ಕಷ್ಟ. ಹೀಲ್ಸ್ ಬೇಡವೇ ಬೇಡ, ನೆಲವೆಲ್ಲ ಜಾಲರಿ. ಪೂರ್ವ ಕರಾವಳಿಯಲ್ಲಿರುವವರಿಗೆ ಬಾಲ್ಟಿಮೋರಿನಲ್ಲಿ ಜಾನ್ ಡಬ್ಲ್ಯೂ. ಬ್ರೌನ್ ಎಂಬ ಇನ್ನೊಂದು ಲಿಬರ್ಟಿ ಇದೆ. ಯುರೋಪಿನವರಿಗೆ ಗ್ರೀಸಿನ ಪಿರೇಯಸ್ಸಿನಲ್ಲಿ ಹೆಲ್ಲಾಸ್ ಲಿಬರ್ಟಿ ಮ್ಯೂಸಿಯಂ ಹಡಗು. ಕೆಲಸಕ್ಕೆ ಸೇರುವ ಮನಸ್ಸಿದ್ದರೆ ಸ್ಟೀಮ್ ಗೊತ್ತಿರಬೇಕು ಅಂತೇನಿಲ್ಲ. ನಮ್ಮ ಪಾಳಿಯಲ್ಲಿ ಸಾಫ್ಟ್‌ವೇರಿನವರೂ ಇದ್ದಾರೆ, ಸ್ಕೂಲ್ ಟೀಚರ್ ಒಬ್ಬರೂ ಇದ್ದಾರೆ. ಮೊದಲ ಕೆಲವು ವಾರ ಹಿತ್ತಾಳೆ ಉಜ್ಜಿಸುತ್ತಾರೆ. ಬೇಜಾರು ಮಾಡಿಕೊಳ್ಳದೆ ಉಜ್ಜಿ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕಲಿಯೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.